ಜಗಲಿಯ ದೀಪ

ಸರೋವರದ ದಂಡೆಯಲ್ಲಿ ಹುಟ್ಟಿದವರು ಅಂತ ದೊಡ್ಡವರಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಕೆಲಸದ ಬೆನ್ನು ಹತ್ತಿ ಬಂದವರು. ಒಬ್ಬರು ಬ್ಯಾಂಕಿಗೆ, ಒಬ್ಬರು ಐಸ್ ಕಾರ್ಖಾನೆಗೆ, ಒಬ್ಬರು ಆಸ್ಪತ್ರೆಗೆ, ಇನ್ನೊಬ್ಬರು ಸರೋವರದ ಮೇಲೆ ಓಡುವ ಲಾಂಚುಗಳ ರಿಪೇರಿಗೆ. ವರ್ಷವಿಡೀ ಸೆಕೆ, ವರ್ಷವಿಡೀ ಹಸಿರು, ಸಂಜೆಯಾದರೆ ಸೊಳ್ಳೆ. ಸ್ವಂತ ಊರು ಸಮುದ್ರದ ಆಚೆ. ಹಾಗಿರುವಾಗ ಒಬ್ಬರ ಮನೆಗೆ ಒಬ್ಬರು ಹೋಗದೆ ಸಂಜೆ ಕಳೆಯುವುದು ಹೇಗೆ? ಹೋಗುತ್ತಿದ್ದರು. ಎಷ್ಟು ಹೋಗುತ್ತಿದ್ದರೆಂದರೆ, ಸ್ವಂತ ಮನೆಯ ಕುರ್ಚಿಗಿಂತ ಪಕ್ಕದ ಮನೆಯ ಕುರ್ಚಿಯೇ ಬೆನ್ನಿಗೆ ಚೆನ್ನಾಗಿ ಒಗ್ಗಿತ್ತು. ಹುಟ್ಟಿದ ದಿನ, ಮದುವೆಯಾದ ದಿನ, ಪ್ರಮೋಷನ್ನು, ರಜೆಗೆ ಹೋಗುವುದು, ರಜೆಯಿಂದ ಬರುವುದು, ಹೊಸ ಫ್ರಿಜ್ಜು, ನಾಯಿ ಮರಿ ಹಾಕಿದ್ದು, ಹೀಗೆ ಊಟ ಹಾಕಿಸಲು ಯಾವ ನೆಪವಾದರೂ ನಡೆಯುತ್ತಿತ್ತು.

ಸರೋವರ ಅಲ್ಲಿ ಬಿಲ್ಲಿನ ಹಾಗೆ ಒಳಕ್ಕೆ ಬಾಗಿತ್ತು. ಬಾಗಿನ ಉದ್ದಕ್ಕೂ ಮನೆಗಳು, ತುದಿಯಲ್ಲಿ ಕ್ಲಬ್ಬು. ಕ್ಲಬ್ಬಿನ ಅಂಗಳದಲ್ಲಿ ನಿಂತರೆ ನೀರಿನಾಚೆ ಎಲ್ಲ ಮನೆಗಳ ಜಗಲಿಯೂ ಕಾಣುತ್ತಿತ್ತು. ಜಗಲಿಯ ದೀಪ ಉರಿಯುತ್ತಿದ್ದರೆ ಮನೆಯವರು ಇದ್ದಾರೆ, ಬರಬಹುದು ಎಂದು ಅರ್ಥ. ಹೇಳಿ ಕೇಳಿ ಬರುವ ಶಾಸ್ತ್ರವಿಲ್ಲ. ಆರಿದ್ದರೆ ರಜೆಯ ಮೇಲೆ ಊರಿಗೆ ಹೋಗಿದ್ದಾರೆ. ಹೋಗುವವರು ಬೀಳ್ಕೊಡುಗೆಯ ಊಟ ಉಂಡೇ ಹೋಗುತ್ತಿದ್ದುದರಿಂದ ಅದು ಎಲ್ಲರಿಗೂ ಗೊತ್ತಿರುತ್ತಿತ್ತು. ಊರಿಗೂ ಹೋಗದೆ ದೀಪ ಆರಿದ್ದರೆ ಸಾವಾಗಿದೆ ಎಂದು ತಿಳಿಯಬೇಕು. ಹಾಗೆ ತಿಳಿಯುವ ಸಂದರ್ಭ ಬಂದು ಬಹಳ ವರ್ಷವಾಗಿತ್ತು. ದಂಡೆಯವರು ಸಾಯುವ ವಯಸ್ಸಿಗೆ ಮುಂಚೆಯೇ ಊರಿಗೆ ಮರಳಿಬಿಡುವವರು.

ಮರಳುವಾಗ ಮೇಜು ಕುರ್ಚಿ ಹೊತ್ತುಕೊಂಡು ಸಮುದ್ರ ದಾಟುವುದುಂಟೇ? ಬಿಟ್ಟು ಹೋಗುತ್ತಿದ್ದರು. ಯಾರ ಮನೆಯ ಯಾವ ಸಾಮಾನು ಮುಂದೆ ಯಾರಿಗೆ ಎಂಬುದು, ಹೊರಡುವವರಿಗೆ ಹೊರಡುವ ಯೋಚನೆ ಬರುವ ಮೊದಲೇ ನಿಶ್ಚಯವಾಗಿರುತ್ತಿತ್ತು. ಕ್ಯಾಪ್ಟನ್ ಮನೆಯ ಊಟದ ಮೇಜು ಹಾಗೆ ಎರಡು ಮೂರು ಮನೆ ದಾಟಿ ಬಂದದ್ದು. ಕಪ್ಪು ಮರದ ದೊಡ್ಡ ಮೇಜು. ಅದರ ಮೇಲೆ ಬ್ಯಾಂಕ್ ಮ್ಯಾನೇಜರರ ಹೆಂಡತಿಯ, ಎಂದರೆ ಬ್ಯಾಂಕಮ್ಮನ, ಕಣ್ಣು ಮೊದಲಿನಿಂದಲೂ ಇತ್ತು.

ಕ್ಯಾಪ್ಟನ್ ಎಂದರೆ ಲಾಂಚು ರಿಪೇರಿಯವರು. ಒಂದು ದಿನವೂ ಲಾಂಚು ನಡೆಸಿದವರಲ್ಲ; ಇಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡೇ ಆಯುಸ್ಸು ಕಳೆದವರು. ಯಾರು ಕರೆದರೂ ಸೆಲ್ಯೂಟ್ ಹೊಡೆದು ‘ಹೇಳಿ’ ಎನ್ನುತ್ತಿದ್ದರು, ಹೆಸರು ಅಂಟಿಕೊಂಡಿತು. ಅವರ ಹೆಂಡತಿ ಎಲ್ಲರಿಗೂ ಅಕ್ಕ. ವಯಸ್ಸಿನಲ್ಲಿ ದೊಡ್ಡವಳಾದ ಬ್ಯಾಂಕಮ್ಮನಿಗೂ ಅಕ್ಕ. ದಂಡೆಯಲ್ಲಿ ಯಾರ ಮನೆಯ ಅಡುಗೆ ಕೈಕೊಟ್ಟರೂ ಕರೆ ಬರುತ್ತಿದ್ದುದು ಅವಳಿಗೆ. ಮಗಳು ಚಿನ್ನಿ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಕ್ಯಾಪ್ಟನ್ ತಾಯಿ, ಎಂದರೆ ಚಿನ್ನಿಯ ಅಜ್ಜಿ, ತನ್ನ ಗಂಡ ತೀರಿಕೊಂಡ ಮೇಲೆ ಹೋದ ವರ್ಷ ಊರಿನಿಂದ ಬಂದು ಸೇರಿದ್ದಳು. ಈ ನಾಲ್ವರು ತಾವಷ್ಟೇ ಆ ಮೇಜಿಗೆ ಕೂತು ಉಂಡದ್ದನ್ನು ಅಜ್ಜಿ ಇನ್ನೂ ಕಂಡಿರಲಿಲ್ಲ.

ಕ್ಯಾಪ್ಟನ್ನಿಗೆ ಹೊಟ್ಟೆನೋವು ಎಂದು ಶುರುವಾದದ್ದು ಗಡ್ಡೆ ಎಂದಾಯಿತು. ದೊಡ್ಡ ಆಸ್ಪತ್ರೆಗೆ ಹೋಗಿ ಬಂದರು. ಅಲ್ಲಿಯವರು ಕೊಯ್ದು ನೋಡಿ, ಹೊಲಿದು ಕಳಿಸಿದರು. ಡಾಕ್ಟರಮ್ಮ ದಂಡೆಯವಳೇ, ಅಕ್ಕನ ಗೆಳತಿ. ಲಾಂಚು ಕಟ್ಟೆಯ ಹತ್ತಿರ ಅಕ್ಕನ ಕೈ ಹಿಡಿದುಕೊಂಡು, “ತಿಂಗಳುಗಳ ಮಾತಲ್ಲ ಅಕ್ಕ, ವಾರಗಳ ಮಾತು. ಊರಿಗೆ ಕರ್ಕೊಂಡು ಹೋಗೋಣ ಅಂದ್ರೆ ಅಷ್ಟು ದೂರದ ಪ್ರಯಾಣ ತಡೆಯಲ್ಲ,” ಅಂದಳು.

ಅಕ್ಕ ಮನೆಗೆ ಬಂದು ಮುಖ ತೊಳೆದುಕೊಂಡು ಜಗಲಿಯ ದೀಪ ಹಾಕಿದಳು.

ಆವತ್ತಿನಿಂದ ಇಡೀ ದಂಡೆ ಅವರ ಮನೆಗೆ ಬಂತು. ಸುಮ್ಮನೆ ಬರಲಿಲ್ಲ; ಪ್ರೀತಿಯಿಂದಲೇ ಬಂದರು, ಅದೇ ಕಷ್ಟ. ಕ್ಯಾಪ್ಟನ್ ಮಂಚವನ್ನು ಮುಂದಿನ ಕೋಣೆಗೆ ತಂದು ಹಾಕಿದ್ದು ಅವರೇ. ಇಸ್ಪೀಟು ಅಲ್ಲಿಗೆ ಬಂತು, ಹಾಡುವವರು ಬಂದರು, ಮಕ್ಕಳನ್ನು ಕರೆತಂದು ‘ಅಂಕಲ್‌ಗೆ ಡ್ಯಾನ್ಸ್ ತೋರಿಸು’ ಅಂದರು. ಐಸ್ ಕಾರ್ಖಾನೆಯ ಐಸಣ್ಣ ದಿನಾ ಒಂದು ಹೊಸ ಜೋಕು ಹೇಳುತ್ತಿದ್ದ. ನಗು ಬಾರದಿದ್ದರೆ ಇನ್ನೊಂದು ಸಲ ಹೇಳುತ್ತಿದ್ದ. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ ನಿಜ. ಆದರೆ ತಂದ ತಿಂಡಿ ಬಿಸಿ ಮಾಡಬೇಕು, ತಟ್ಟೆಗೆ ಹಾಕಬೇಕು, ಟೀ ಮಾಡಬೇಕು, ತಟ್ಟೆ ತೊಳೆದು ಅವರವರ ಡಬ್ಬಿಗೆ ಮರುದಿನ ಏನಾದರೂ ತುಂಬಿಸಿ ಕಳಿಸಬೇಕು. ಖಾಲಿ ಡಬ್ಬಿ ಕಳಿಸುವ ಪದ್ಧತಿ ಅಕ್ಕನದಲ್ಲ.

ಒಂದು ಬೆಳಿಗ್ಗೆ ಚಿನ್ನಿ ಸಿಂಕಿನ ಮುಂದೆ ನಿಂತು ಕಪ್ಪು ತೊಳೆಯುತ್ತಿದ್ದಳು.

“ಅಮ್ಮ, ನಿನ್ನೆ ಅಪ್ಪ ಎಷ್ಟು ತಿಂದ?”

“ಗಂಜಿ ಕುಡಿದ್ರಲ್ಲ.”

“ಎಷ್ಟು ಕುಡಿದ ಅಂತ ಕೇಳಿದ್ದು.”

ಅಕ್ಕ ಆಲೂಗಡ್ಡೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನಿಂಗೊತ್ತಿಲ್ಲ. ಕುಡಿಸಿದ್ದು ಬ್ಯಾಂಕ್ ಆಂಟಿ. ಬಟ್ಟಲು ಎತ್ತಿದ್ದು ಅಜ್ಜಿ. ನೀನು ಇಲ್ಲಿ ಐಸಣ್ಣಂಗೆ ಆಲೂಗಡ್ಡೆ ಕರೀತಿದ್ದೆ. ಅರ್ಧ ಬಟ್ಟಲೂ ಖಾಲಿ ಆಗಿರಲಿಲ್ಲ ಅಮ್ಮ.”

“ಬೆಳಿಗ್ಗೆ ಬೆಳಿಗ್ಗೆ ನನ್ನ ಹೊಟ್ಟೆ ಉರಿಸ್ಬೇಡ.”

“ಒಂದು ದಿನ ದೀಪ ಹಾಕ್ಬೇಡ. ಒಂದೇ ದಿನ. ಆಕಾಶ ಕಳಚಿ ಬೀಳತ್ತಾ?”

“ಬೀಳತ್ತೆ!” ಅಕ್ಕ ಚಾಕು ಇಟ್ಟಳು. “ಡಾಕ್ಟರಮ್ಮನ ಹೆರಿಗೇಲಿ ಬಾಣಂತನ ಮಾಡಿದ್ದು ನಾನು. ಐಸಣ್ಣನ ಅಪ್ಪ ಊರಲ್ಲಿ ಹೋದಾಗ ಅವನು ಬಂದು ಅತ್ತಿದ್ದು ಇದೇ ಜಗಲೀಲಿ. ಈಗ ಅವರ ಸರದಿ, ಬರ್ತಿದಾರೆ. ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಲಾ? ಅದೂ ಅಲ್ಲದೆ ನಿಮ್ಮಪ್ಪ ನಗೋದು ಅವರು ಬಂದಾಗ. ನನ್ನ ಹತ್ರ ನಗ್ತಾರಾ? ನನ್ನ ಮುಖ ನೋಡಿದ್ರೆ ಗೋಡೆ ಕಡೆ ತಿರುಗ್ತಾರೆ.”

“ನೀನು ಅವನ ಹತ್ರ ಕೂತಿದ್ದು ಯಾವಾಗ, ಅವನು ನಗೋಕೆ?”

ಅಕ್ಕ ಕೈ ಎತ್ತಿದವಳು ತಡೆದುಕೊಂಡಳು. ಚಿನ್ನಿ ಒದ್ದೆ ಕಪ್ಪನ್ನು ಹಾಗೆಯೇ ಬೋರಲು ಹಾಕಿ ಶಾಲೆಗೆ ಹೋದಳು. ಊಟದ ಡಬ್ಬಿ ಅಲ್ಲೇ ಉಳಿಯಿತು.

ಮುಂದಿನ ಕೋಣೆಯಲ್ಲಿ ಕ್ಯಾಪ್ಟನ್ನಿಗೆ ಎಲ್ಲವೂ ಕೇಳಿಸಿತ್ತು. ಆ ಮನೆಯ ಗೋಡೆ ಹಲಗೆಯದು. ಅಜ್ಜಿ ಮಗನ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಆ ಕಾಲಲ್ಲಿ ಮಾಂಸವೇ ಇರಲಿಲ್ಲ, ತಿಕ್ಕಲು ಅಜ್ಜಿಗೆ ಭಯವಾಗುತ್ತಿತ್ತು.

“ಏನಾದ್ರೂ ತಿನ್ನೋ ಆಸೆ ಇದ್ರೆ ಹೇಳೋ. ಮಾಡ್ಕೊಡ್ತೀನಿ.”

“ತಿನ್ನೋ ಆಸೆ ಇಲ್ಲಮ್ಮ. ಊಟ ಮಾಡೋ ಆಸೆ ಇದೆ.”

“ಅದೇನು ಬೇರೆ ಬೇರೇನಾ?”

“ಅವಳ ಜೊತೆ ಕೂತು ಒಂದು ಹೊತ್ತು ಊಟ ಮಾಡ್ಬೇಕು. ನಾವಿಬ್ಬರೇ. ಮದುವೆಯಾಗಿ ಇಲ್ಲಿಗೆ ಬಂದಾಗ ಲಾಂಚು ಶೆಡ್ಡಿನ ಹಿಂದೆ ಒಂದು ಕೋಣೆ ಕೊಟ್ಟಿದ್ರು. ಒಬ್ಬರ ಪರಿಚಯ ಇರಲಿಲ್ಲ. ಒಂದೇ ತಟ್ಟೆ ಇತ್ತು. ಮೀನಿನ ಮುಳ್ಳು ಬಿಡಿಸಿ ಬಿಡಿಸಿ ನನ್ನ ಕಡೆಗೆ ತಳ್ಳೋಳು. ಇಂಜಿನ್ ಕೈ ಕಣೇ, ಮುಳ್ಳು ಗೊತ್ತಾಗಲ್ಲ ಅಂತಿದ್ದೆ. ಸುಳ್ಳು. ಬಿಡಿಸಿಕೊಡಲಿ ಅಂತಾನೇ ಹೇಳ್ತಿದ್ದೆ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. “ಆಮೇಲೆ ಜನ ಆದ್ರು, ಈ ಮನೆ ಆಯ್ತು, ಈ ಮೇಜು ಬಂತು. ಅವಳು ಬಡಿಸೋಕೆ ನಿಂತೋಳು ಕೂತೇ ಇಲ್ಲ. ಎಲ್ಲರೂ ಎದ್ದ ಮೇಲೆ ಒಲೆ ಹತ್ರ ನಿಂತ್ಕೊಂಡು ಏನೋ ತಿಂತಾಳೆ.”

“ಅವಳಿಗೆ ಹೇಳೋಕೆ ಬಾಯಿಲ್ವಾ ನಿಂಗೆ? ಲೋಕಕ್ಕೆಲ್ಲ ಜೋಕ್ ಹೇಳ್ತೀಯ.”

“ಹೇಳಿದ್ರೆ ಎಲ್ಲರನ್ನೂ ಕಳಿಸಿಬಿಡ್ತಾಳೆ. ನಾನು ಹೋದ ಮೇಲೆ ಈ ಮನೆ ಕಂಪನಿಗೆ ವಾಪಸ್ಸು. ಆಗ ಅವಳಿಗೆ ಚಿನ್ನಿಗೆ ನಿಂಗೆ ಇವರು ತಾನೇ ದಿಕ್ಕು? ಇವರ ಮನಸ್ಸು ಕೆಡಿಸ್ಕೊಂಡ್ರೆ ನಾಳೆ ಯಾರು ಬರ್ತಾರೆ? ನಗೋದೇನು ಕಷ್ಟ ಬಿಡು, ನಗ್ತೀನಿ.”

ಅಜ್ಜಿ ಎಣ್ಣೆ ಬಟ್ಟಲು ನೆಲಕ್ಕೆ ಕುಕ್ಕಿದಳು.

“ಅವಳು ನಿನಗೋಸ್ಕರ ಅಂತಾಳೆ, ನೀನು ಅವಳಿಗೋಸ್ಕರ ಅಂತೀಯ. ಈ ಮನೇಲಿ ಬೇಯ್ತಾ ಇರೋದು ಮಾತ್ರ ಐಸಣ್ಣನಿಗೋಸ್ಕರ!”

ಅಜ್ಜಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆವತ್ತೇ ಸೊಸೆಗೆ ಹೇಳಿದಳು. ಅಕ್ಕ ಒಲೆಯ ಮುಂದೆ ಸೌಟು ಹಿಡಿದಿದ್ದಳು. ಹಾಲು ಉಕ್ಕಿತು, ಅದನ್ನೂ ನೋಡಲಿಲ್ಲ.

“ಊಟ ಮಾಡ್ಬೇಕು ಅಂದ್ರಾ? ನನ್ನ ಜೊತೆ ಅಂತಾನೇ ಅಂದ್ರಾ?”

“ಬ್ಯಾಂಕಮ್ಮನ ಜೊತೆ ಅಂದ. ನಿನ್ನ ಜೊತೆ ಅಂತಾನೇ ಕಣೇ.”

“ನಾಳೆ ಮಧ್ಯಾಹ್ನ ಮಾಡ್ತೀವಿ ಅತ್ತೆ. ಮಧ್ಯಾಹ್ನ ಯಾರೂ ಬರಲ್ಲ.”

ಮರುದಿನ ಮಧ್ಯಾಹ್ನ ಎರಡು ತಟ್ಟೆ ಇಟ್ಟಳು. ಅನ್ನ ಬಡಿಸುವ ಹೊತ್ತಿಗೆ ಶೆಡ್ಡಿನ ಕೆಲಸಗಾರರು, ಊಟದ ವಿರಾಮದಲ್ಲಿ ತಮ್ಮ ಮೇಸ್ತ್ರಿಯನ್ನು ನೋಡಿ ಹೋಗೋಣವೆಂದು, ಎಣ್ಣೆ ಬಟ್ಟೆಯಲ್ಲೇ ಬಾಗಿಲಿಗೆ ಬಂದು ನಿಂತರು. ಬಡವರು, ಹಸಿದವರು. ಅವರಿಗೆ ಊಟ ಹಾಕದೆ ಕಳಿಸುವುದು ಅಕ್ಕನಿಂದಾಗದು. ಅದರ ಮರುದಿನ ಕ್ಯಾಪ್ಟನ್ ಔಷಧಿಯ ಮಂಪರಿನಲ್ಲಿದ್ದರು. ಇನ್ನೊಂದು ದಿನ ಸಂಜೆ ಬೇಗನೆ ಕೂತೇಬಿಡೋಣವೆಂದು ಅಕ್ಕ ಕೈ ತೊಳೆದುಕೊಂಡು ಬರುವಷ್ಟರಲ್ಲಿ ಐಸಣ್ಣ ತಾನೇ ಕೈಯಾರೆ ಮಾಡಿದ ಐಸ್‌ಕ್ರೀಮಿನ ಬಕೆಟ್ಟು ಹೊತ್ತು ಬಂದ. ಹಿಂದೆಯೇ ಅದನ್ನು ತಿನ್ನುವವರೂ ಬಂದರು. ಕ್ಯಾಪ್ಟನ್ ನಾಲಿಗೆಗೆ ಒಂದು ಚಮಚ ಹಚ್ಚಿಕೊಂಡು ಸೆಲ್ಯೂಟ್ ಹೊಡೆದರು. ಅಕ್ಕ ಬಟ್ಟಲು ಹುಡುಕಲು ಒಳಗೆ ಹೋದಳು. ಹೋಗುವಾಗ ಹೆಂಡತಿಯ ಬೆನ್ನನ್ನು ಅವರು ನೋಡಿದ್ದು ಅಜ್ಜಿಯ ಕಣ್ಣಿಗೆ ಬಿತ್ತು.

ಹೀಗೆ ವಾರಗಳು ಹೋದವು. ಕ್ಯಾಪ್ಟನ್ ದಿಂಬಿಗೆ ಒರಗಿ ಕೂರುವುದೂ ಕಡಿಮೆಯಾಯಿತು.

ಒಂದು ಸಂಜೆ ಅಜ್ಜಿ ಮೊಮ್ಮಗಳನ್ನು ಹಿತ್ತಲಿಗೆ ಕರೆದಳು.

“ಆ ದೀಪ ಆರಿಸಿದ್ರೆ ಏನು ಅಂತ ತಿಳ್ಕೋತಾರೆ ಇವರು?”

“ಮನೇಲಿ ಇಲ್ಲ ಅಂತ.”

“ಅಷ್ಟೇ ತಾನೇ?”

“ಅಷ್ಟೇ. ಫೋನೂ ಆಫ್ ಮಾಡ್ತೀನಿ ಅಜ್ಜಿ, ಇಲ್ಲಾಂದ್ರೆ ಎಲ್ಲಿಗೆ ಹೋದ್ರಿ ಅಂತ ಕೇಳ್ತಾರೆ.”

ಅಜ್ಜಿ ಹೊಸಬಳು. ಚಿನ್ನಿಗೆ ಬುದ್ಧಿ ತಿಳಿದ ಮೇಲೆ ದಂಡೆಯಲ್ಲಿ ಸಾವಾಗಿರಲಿಲ್ಲ. ಆರಿದ ದೀಪಕ್ಕೆ ಇನ್ನೊಂದು ಅರ್ಥವಿದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ. ಅಕ್ಕ ದೀಪ ಹಾಕಿ ಒಳಗೆ ಹೋದ ಮೇಲೆ ಅಜ್ಜಿ ಮೆಲ್ಲನೆ ಜಗಲಿಗೆ ಬಂದು ಸ್ವಿಚ್ಚು ಒತ್ತಿದಳು. ಮದುವೆ ಮನೆಯಿಂದ ಲಾಡು ಕದ್ದವಳ ಹಾಗೆ ಅವಳಿಗೆ ನಗು ತಡೆಯಲಾಗಲಿಲ್ಲ.

“ಇವತ್ತು ಯಾರೂ ಬರಲಿಲ್ವಲ್ಲ,” ಅಂದಳು ಅಕ್ಕ, ಕತ್ತಲಾಗುವಾಗ. “ಏನಾಯ್ತು ಜನಕ್ಕೆ?”

“ಎಲ್ಲೋ ಊಟ ಇರಬೇಕು. ಅವರ ಚಿಂತೆ ನಿಂಗ್ಯಾಕೆ? ಕೂತ್ಕೋ,” ಅಂದಳು ಅಜ್ಜಿ. ತಾನೇ ಮಗನನ್ನು ಕುರ್ಚಿಗೆ ತಂದು, ಬೆನ್ನಿಗೆ ದಿಂಬು ಕೊಟ್ಟು, ಎರಡು ತಟ್ಟೆ ಇಟ್ಟಳು. ಮೊಮ್ಮಗಳ ಕೈ ಹಿಡಿದು ಎಳೆದುಕೊಂಡು ಅಡುಗೆಮನೆಗೆ ಹೋದಳು.

ದೊಡ್ಡ ಮೇಜಿನ ಒಂದು ಮೂಲೆಯಲ್ಲಿ ಗಂಡ ಹೆಂಡತಿ ಕೂತರು. ಅಕ್ಕನಿಗೆ ಕೂತು ಗೊತ್ತಿರಲಿಲ್ಲ. ಒಂದು ಸಲ ಉಪ್ಪಿಗೆ, ಒಂದು ಸಲ ನೀರಿಗೆ ಎದ್ದಳು.

“ಇನ್ನೊಂದು ಸಲ ಎದ್ರೆ ನಾನೂ ಏಳ್ತೀನಿ ನೋಡು,” ಅಂದರು ಕ್ಯಾಪ್ಟನ್.

“ನಿಮ್ಮ ಕೈಲಿ ಏಳೋಕೆ ಆಗತ್ತಾ?”

“ಆಗಲ್ಲ. ಅದಕ್ಕೇ ನೀನು ಏಳ್ಬೇಡ.”

ಅಕ್ಕನಿಗೆ ನಗು ಬಂತು. ಅವರಿಗೂ ಬಂತು. ಅಕ್ಕ ಅನ್ನ ಕಲಸಿ ತುತ್ತು ಎತ್ತಿದಳು.

ಆಗ ಹೊರಗೆ ಗೋಳೋ ಎಂದು ಯಾರೋ ಅತ್ತರು.

ಬ್ಯಾಂಕಮ್ಮನ ದನಿ. ಹಿಂದೆ ಓಡುವ ಕಾಲುಗಳು, ಟಾರ್ಚುಗಳು. ಗೇಟು ತೆಗೆದದ್ದಲ್ಲ, ಮುರಿದದ್ದು. ಆರಿದ ದೀಪ ಕಂಡು, ಫೋನು ಹತ್ತದೆ, ಇಡೀ ದಂಡೆ ಕ್ಲಬ್ಬಿನಲ್ಲಿ ಸೇರಿ ಹೂವು ತರಿಸಿಕೊಂಡು ಒಟ್ಟಿಗೆ ಹೊರಟು ಬಂದಿತ್ತು. ಜಗಲಿಯ ಕತ್ತಲಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಐಸಣ್ಣ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತ, “ನಿನ್ನೆ ಜೋಕ್ ಅರ್ಧಕ್ಕೆ ಬಿಟ್ಟು ಹೋದ್ನಲ್ಲೋ,” ಎನ್ನುತ್ತಿದ್ದ. ಅಳುವಿನ ನಡುವೆಯೇ ಬ್ಯಾಂಕಮ್ಮ ಡಾಕ್ಟರಮ್ಮನ ಕಿವಿಯಲ್ಲಿ ಹೇಳಿದ್ದೂ ಹಲಗೆಯ ಗೋಡೆಯಾಚೆ ಸ್ಪಷ್ಟವಾಗಿ ಕೇಳಿಸಿತು:

“ಈಗ ಹೇಳೋ ಮಾತಲ್ಲ, ಆದ್ರೂ ಹೇಳಿರ್ತೀನಿ. ಆ ಊಟದ ಮೇಜು ಬೇರೆ ಯಾರಿಗೂ ಹೋಗ್ಬಾರದು. ಅಕ್ಕನಿಗೆ ನೆನಪಿರತ್ತೋ ಇಲ್ವೋ.”

“ಮೇಜು ಎಂಜಲಾಗಿದೆ ಬ್ಯಾಂಕಮ್ಮಾ,” ಅಂದರು ಕ್ಯಾಪ್ಟನ್ ಒಳಗಿನಿಂದ. “ಒರೆಸಿ ಕೊಡ್ತೀವಿ.”

ಜಗಲಿಯ ಅಳು ಅಲ್ಲಿಗೇ ನಿಂತಿತು. ಆಮೇಲೆ ಐಸಣ್ಣ ಬಾಗಿಲು ತಳ್ಳಿ ಒಳಗೆ ನುಗ್ಗಿ, ಅನ್ನದ ಕೈಯಲ್ಲಿ ಕೂತಿದ್ದವರನ್ನು ನೋಡಿ, ಕೂಗಿ ಕ್ಯಾಪ್ಟನ್ ಕಾಲು ಹಿಡಿದುಕೊಂಡ. ಒಬ್ಬರ ಹಿಂದೆ ಒಬ್ಬರು ನುಗ್ಗಿದರು. ಅತ್ತವರೆಲ್ಲ ನಗತೊಡಗಿದರು, ನಗುತ್ತ ಮತ್ತೆ ಅತ್ತರು. ಯಾರೋ ದೀಪ ಹಾಕಿದರು. ಯಾರೋ ತಂದ ಹೂವನ್ನು ಕ್ಯಾಪ್ಟನ್ ಕೊರಳಿಗೆ ಹಾಕಿದರು. “ಬದುಕಿ ಬಂದಿದ್ದಕ್ಕೆ ಪಾರ್ಟಿ!” ಅಂದರು. ಆ ವರ್ಷ ಅಂಥ ಗದ್ದಲದ ಸಂಜೆ ಇನ್ನೊಂದಾಗಲಿಲ್ಲ. ಅಕ್ಕ ಕಲಸಿದ ತುತ್ತು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದು ಟೀಗೆ ನೀರಿಟ್ಟಳು.

ಚಿನ್ನಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತಳು. ಅಜ್ಜಿ ಪಕ್ಕದಲ್ಲಿ ಕೂತು, “ನನ್ನ ಕೈ ಮುರಿದು ಹೋಗ,” ಎಂದು ತನ್ನನ್ನು ತಾನೇ ಬೈದುಕೊಂಡಳು.

ಆ ಗದ್ದಲದಲ್ಲಿ ಕ್ಯಾಪ್ಟನ್ನಿಗೆ ಜ್ವರ ಬಂತು. ಅದು ಇಳಿದ ಮೇಲೆ ಅವರು ಕುರ್ಚಿಗೆ ಬರಲಿಲ್ಲ. ಮಂಚವನ್ನು ಅಕ್ಕ ಮತ್ತೆ ಒಳಕೋಣೆಗೆ ಹಾಕಿಸಿದಳು. ದಂಡೆಯವರಿಗೂ ನಾಚಿಕೆಯಾಗಿತ್ತು, ಬರುವುದು ಕಡಿಮೆಯಾಯಿತು ಎಂದೇನಲ್ಲ. ಬಂದು ಜಗಲಿಯಲ್ಲೇ ಕೂತು ಪಿಸುಗುಟ್ಟುತ್ತಿದ್ದರು. ಪಿಸುಗುಟ್ಟುವವರೂ ಟೀ ಕುಡಿಯುತ್ತಾರೆ.

ವಾರದ ಮೇಲೆ ಬ್ಯಾಂಕಮ್ಮ ಬಂದಳು. ಕ್ಲಬ್ಬಿನ ವಾರ್ಷಿಕ ಊಟ ಹತ್ತಿರ ಬಂದಿತ್ತು. ಪ್ರತಿ ವರ್ಷ ಅದರ ಅಡುಗೆ ಅಕ್ಕನ ಉಸ್ತುವಾರಿ.

“ಎಲ್ಲರೂ ಸೇರಿ ಯೋಚನೆ ಮಾಡಿದ್ವಿ ಅಕ್ಕ. ನೀನು ಬರಕ್ಕಾಗಲ್ಲ ಅಂತ ಗೊತ್ತು. ಅದಕ್ಕೇ ಈ ಸಲದ ಊಟ ಇಲ್ಲೇ ಇಟ್ಕೊಳ್ಳೋಣ, ನಿನ್ನ ಅಂಗಳದಲ್ಲೇ. ಕ್ಯಾಪ್ಟನ್ ಮಲಗಿದಲ್ಲಿಂದಾನೇ ನೋಡಬಹುದು.”

ಚಿನ್ನಿ ಬಾಯಿ ತೆರೆದಳು. ಅಜ್ಜಿ ಅವಳ ತೋಳು ಚಿವುಟಿದಳು. ಆದರೆ ಈ ಸಲ ಯಾರೂ ಏನೂ ಹೇಳಬೇಕಾಗಿ ಬರಲಿಲ್ಲ.

“ಬೇಡ,” ಅಂದಳು ಅಕ್ಕ.

“ನಿಂಗೇನೂ ಕೆಲಸ ಇರಲ್ಲ ಅಕ್ಕ, ನಾವೇ ಎಲ್ಲ…”

“ಬೇಡ ಅಂದೆ. ಊಟ ಕ್ಲಬ್ಬಲ್ಲೇ ಆಗ್ಲಿ. ಎಲ್ಲರೂ ಅಲ್ಲೇ ಇರಿ. ಆವತ್ತು ನಮ್ಮನೆಗೆ ಯಾರೂ ಬರೋದು ಬೇಡ. ಆವತ್ತು ನಾವು ಊಟ ಮಾಡ್ತೀವಿ.”

ಬ್ಯಾಂಕಮ್ಮನ ಮುಖ ಕೆಂಪಾಯಿತು. ಅಕ್ಕನಿಂದ ‘ಬೇಡ’ ಎಂಬ ಮಾತನ್ನು ದಂಡೆಯಲ್ಲಿ ಯಾರೂ ಕೇಳಿರಲಿಲ್ಲ. ಒಳಗಿನಿಂದ ಕ್ಯಾಪ್ಟನ್ ದನಿ ಬಂತು, ಸಣ್ಣಗೆ: “ದೀಪ ಹಾಕಿರ್ತೀವಿ ಬ್ಯಾಂಕಮ್ಮಾ. ಆ ಕಡೆಯಿಂದಾನೇ ನೋಡ್ಕೊಳ್ಳಿ. ಉರೀತಿದ್ರೆ ನಾನು ಇದ್ದೀನಿ ಅಂತ.”

ಬ್ಯಾಂಕಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು, “ಆಯ್ತು ಕ್ಯಾಪ್ಟನ್, ಅಲ್ಲಿಂದಾನೇ ಕೈ ಬೀಸ್ತೀವಿ,” ಎಂದು ಹೋದಳು. ಕೆಟ್ಟವಳಲ್ಲ ಅವಳು. ಮೇಜಿನ ಆಸೆ ಬೇರೆ, ಕಣ್ಣೀರು ಬೇರೆ, ಎರಡೂ ನಿಜವೇ.

ಕ್ಲಬ್ಬಿನ ಊಟದ ದಿನ ಬೆಳಿಗ್ಗೆ ಡಾಕ್ಟರಮ್ಮ ನೋಡಿಹೋದಳು. ನಾಡಿ ಸುಮಾರಾಗಿದೆ, ಇನ್ನೂ ಕೆಲವು ದಿನ ಅಂದಳು. ಚಿನ್ನಿ ಶಾಲೆಗೆ ಹೋಗಲಿಲ್ಲ. ಲಾಂಚು ಕಟ್ಟೆಗೆ ಹೋಗಿ ಆಗ ತಾನೇ ದಡಕ್ಕೆ ಬಂದ ಮೀನು ತಂದಳು. ಅಜ್ಜಿ ತೊಳೆದುಕೊಟ್ಟಳು. ಅಕ್ಕ ಬೇರೆ ಯಾರಿಗೂ ಏನೂ ಮಾಡಲಿಲ್ಲ. ನಾಲ್ಕು ಜನಕ್ಕೆ ಅನ್ನ ಎಷ್ಟು ಇಡಬೇಕೆಂದು ಅವಳಿಗೆ ಅಂದಾಜು ಸಿಗದೆ ಅತ್ತೆಯನ್ನು ಕೇಳಿದಳು. ಮಧ್ಯಾಹ್ನವೆಲ್ಲ ಕ್ಯಾಪ್ಟನ್ ಮಲಗಿದ್ದರು. ಎದ್ದ ಮೇಲೆ ಉಣ್ಣೋಣ ಎಂದುಕೊಂಡರು. ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ಮೀನು ಹುರಿದಳು.

“ಏನು ವಾಸನೆ?” ಅಂದರು ಕ್ಯಾಪ್ಟನ್ ಒಳಗಿನಿಂದ.

ಅಕ್ಕ ತಟ್ಟೆ ಹಿಡಿದು ಓಡಿದಳು. ಒಂದೇ ತಟ್ಟೆ ತಂದಿದ್ದಳು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಇಟ್ಟುಕೊಂಡಳು.

“ಮೀನು.”

“ಮುಳ್ಳು ತೆಗೆದು ಕೊಡ್ತೀಯಾ? ಇಂಜಿನ್ ಕೈ. ಗೊತ್ತಾಗಲ್ಲ.”

“ಗೊತ್ತಾಗತ್ತೆ ಅಂತ ನಂಗೆ ಆವಾಗ್ಲೇ ಗೊತ್ತಿತ್ತು.”

“ಗೊತ್ತಿತ್ತಾ?”

“ಶೆಡ್ಡಲ್ಲಿ ಕೂದಲೆಳೆಯಂಥ ತಂತಿ ಜೋಡಿಸೋರಿಗೆ ಮೀನಿನ ಮುಳ್ಳು ಕಾಣಲ್ವಾ? ನಾನೇನು ಅಷ್ಟು ದಡ್ಡೀನಾ?”

ಕ್ಯಾಪ್ಟನ್ ನಕ್ಕರು. ಯಾವ ಅತಿಥಿಯೂ ಎದುರಿಲ್ಲದೆ, ಅವಳಿಗೆಂದೇ ನಕ್ಕರು. ಕಣ್ಣು ಮುಚ್ಚಿಕೊಂಡು, “ನಿಧಾನವಾಗಿ ತೆಗಿ. ಅವಸರ ಇಲ್ಲ,” ಅಂದರು.

ಅಕ್ಕ ತೆಗೆಯುತ್ತ ಕೂತಳು. ಮಾತಾಡುತ್ತ ತೆಗೆದಳು. ಶೆಡ್ಡಿನ ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲವಲ್ಲ, ಆ ಸೆಕೆಯಲ್ಲಿ ಹೇಗಿದ್ದೆವೋ ಅಂದಳು. ಚಿನ್ನಿಗೆ ನಿಮ್ಮದೇ ಕೋಪ ಅಂದಳು. ಸಂಜೆ ಸಂಜೆ ನಾನೇ ದೀಪ ಹಾಕಿದ್ದು ತಪ್ಪಾಯಿತೇನೋ, ನೀವು ಒಂದು ಮಾತು ಹೇಳಬಾರದಿತ್ತೇ ಅಂದಳು. ಉತ್ತರ ಬರಲಿಲ್ಲ. ಅವರು ಮಾತಿನ ನಡುವೆ ಹೀಗೆ ಮಲಗಿಬಿಡುವುದು ಈಚೆಗೆ ರೂಢಿಯಾಗಿತ್ತು. ತಲೆ ಎತ್ತಿ ನೋಡಿದಳು. ನೋಡಿದ ಮೇಲೂ ಉಳಿದ ಮುಳ್ಳನ್ನು ತೆಗೆದಳು. ಬೆಳ್ಳಗಿನ ಮೀನನ್ನು ತಟ್ಟೆಯಲ್ಲಿ ಅವರ ಕಡೆಗೆ ತಳ್ಳಿದಳು.

ಸ್ವಲ್ಪ ಹೊತ್ತಿನ ಮೇಲೆ ಬಂದ ಅಜ್ಜಿಗೆ ಬಾಗಿಲಲ್ಲೇ ತಿಳಿಯಿತು. ಹೆತ್ತವಳಿಗೆ ಹೇಳಬೇಕಾಗಿರಲಿಲ್ಲ. ಮಗನ ತಲೆ ಸವರಿ, ಮಂಚದ ಕಾಲಿಗೆ ಒರಗಿ ಕೂತಳು. ಚಿನ್ನಿ ಅಪ್ಪನ ಪಾದ ಹಿಡಿದುಕೊಂಡಳು. ಹಲಗೆಯ ಗೋಡೆ ಎಂದು ಎಲ್ಲರಿಗೂ ನೆನಪಿತ್ತು. ಮೂವರೂ ಸದ್ದಿಲ್ಲದೆ ಅತ್ತರು.

ಹೊರಗೆ ಮಬ್ಬಾಯಿತು. ನೀರಿನಾಚೆ ಕ್ಲಬ್ಬಿನಲ್ಲಿ ಬಣ್ಣದ ದೀಪಗಳು ಹತ್ತಿದವು, ಹಾಡು ಶುರುವಾಯಿತು. ಈ ಮನೆಯ ಜಗಲಿ ಇನ್ನೂ ಕತ್ತಲಾಗಿತ್ತು.

“ದೀಪದ ಹೊತ್ತಾಯ್ತು,” ಅಂದಳು ಅಜ್ಜಿ. ಈಗ ಅವಳಿಗೆ ಅದರ ಅರ್ಥ ಗೊತ್ತಿತ್ತು. “ಹಾಗೇ ಇರ್ಲಾ? ಅವರೇ ಬರ್ತಾರೆ.”

ಅಕ್ಕ ತಟ್ಟೆಯನ್ನು ನೋಡುತ್ತ ಕೂತಿದ್ದಳು.

“ಹಾಕಿ ಅತ್ತೆ.”

“ಹಾಕೋದಾ?”

“ನಮ್ಮ ಊಟ ಆಗೋ ತನಕ ಉರೀಲಿ. ಆಮೇಲೆ ಆರಿಸಿದ್ರಾಯ್ತು.”

ಅಜ್ಜಿ ಗೋಡೆ ಹಿಡಿದುಕೊಂಡು ಹೋಗಿ ಸ್ವಿಚ್ಚು ಒತ್ತಿದಳು. ಜಗಲಿ ಹಳದಿಯಾಯಿತು. ನೀರಿನಾಚೆ ಹಾಡು ಥಟ್ಟನೆ ನಿಂತು, ಹೋ ಎಂದು ಕೂಗು ಕೇಳಿಸಿತು. ಅಜ್ಜಿ ಹೆದರಿ ಒಳಗೆ ಬಂದಳು.

“ಏನದು? ಗೊತ್ತಾಗಿಬಿಡ್ತಾ?”

ಚಿನ್ನಿ ಕಿಟಕಿಯಿಂದ ನೋಡಿದಳು. “ಇಲ್ಲ ಅಜ್ಜಿ. ಎಲ್ಲರೂ ಅಂಗಳಕ್ಕೆ ಬಂದು ನಿಂತಿದ್ದಾರೆ. ನಮ್ಮ ದೀಪ ನೋಡಿ ಟಾರ್ಚ್ ಬೀಸ್ತಿದ್ದಾರೆ. ಅಪ್ಪನಿಗೆ.”

“ಹೋಗಿ ಕೈ ಬೀಸಿ ಬಾ,” ಅಂದಳು ಅಕ್ಕ. “ಇಲ್ಲಾಂದ್ರೆ ಬಂದುಬಿಡ್ತಾರೆ.”

ಚಿನ್ನಿ ಮುಖ ಒರೆಸಿಕೊಂಡು ಜಗಲಿಗೆ ಹೋದಳು. ದೀಪದ ಕೆಳಗೆ ನಿಂತು ಎರಡೂ ಕೈ ಎತ್ತಿ ಬೀಸಿದಳು. ಆಚೆಯಿಂದ ಮತ್ತೆ ಹೋ ಎಂದರು. ಐಸಣ್ಣನ ದನಿ ಬೇರೆಯಾಗಿಯೇ ಕೇಳಿಸುತ್ತಿತ್ತು. ಅಪ್ಪ ಮಾಡುತ್ತಿದ್ದಂತೆ ಅವಳು ಒಂದು ಸೆಲ್ಯೂಟ್ ಹೊಡೆದಳು. ಹಾಡು ಮತ್ತೆ ಶುರುವಾಯಿತು.

ಅವಳು ಒಳಗೆ ಬಂದಾಗ ಅಮ್ಮ ಮಂಚದ ಪಕ್ಕದಲ್ಲಿ ಹಾಗೆಯೇ ಕೂತು, ಅಪ್ಪನ ಕಡೆಗೆ ತಳ್ಳಿದ್ದ ಮೀನನ್ನು ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಿದ್ದಳು. ಕಣ್ಣಿಂದ ನೀರು ತಟ್ಟೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲು ಎಡಗೈಗೆ ಬಿಡುವಿರಲಿಲ್ಲ. ಅದು ಅಪ್ಪನ ಕೈಯೊಳಗಿತ್ತು.

“ನೀವೂ ತಟ್ಟೆ ತಗೊಂಡು ಬಂದು ಕೂತ್ಕೊಳ್ಳಿ,” ಅಂದಳು ಅಕ್ಕ. “ಅನ್ನ ಆರ್ತಿದೆ.”